ಗಾದೆ ಹೇಳುವುದು ಯಾರಿಗೆ?

"ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಇದು ವೇದವನ್ನು ಹೀಗಳೆಯಲು ಹುಟ್ಟಿದ ಮಾತಲ್ಲ. ವೇದವನ್ನು ಓದಿದವರು ಕೆಲವರು, ಓದಿ ತಿಳಿದವರು ಇನ್ನೂ ಕೆಲವರು. ಗಾದೆಯಾದರೋ ಹೊಲದಲ್ಲಿ ಕುಂಟೆ ಹೊಡೆಯುವ ರೈತನ ಬಾಯಲ್ಲಿದೆ, ಒಲೆಯ ಮುಂದೆ ರೊಟ್ಟಿ ಬಡಿಯುವ ತಾಯಿಯ ಬಾಯಲ್ಲಿದೆ. ಬಾಳಿ ಬದುಕಿ, ಪೆಟ್ಟು ತಿಂದು ಕಲಿತ ಮಾತು ಬೇಗ ಸುಳ್ಳಾಗುವುದಿಲ್ಲ ಎಂಬುದೇ ಇದರ ತಾತ್ಪರ್ಯ.

ಗಾದೆ ಎಂಬ ಶಬ್ದವು ಸಂಸ್ಕೃತದ 'ಗಾಥಾ' ಎಂಬುದರಿಂದ ಬಂದುದು. ಕನ್ನಡದಲ್ಲಿ ಇದಕ್ಕೆ 'ನಾಣ್ಣುಡಿ' ಎಂಬ ಸೊಗಸಾದ ಹೆಸರೂ ಉಂಟು. ನಾಡಿನ ನುಡಿ ಎಂದು ಅದರ ಅರ್ಥ. ಕಾವ್ಯಕ್ಕೆ ಕವಿ ಇದ್ದಾನೆ, ಶಾಸ್ತ್ರಕ್ಕೆ ಶಾಸ್ತ್ರಕಾರನಿದ್ದಾನೆ. ಗಾದೆಗೆ ಕರ್ತೃವೇ ಇಲ್ಲ. ಯಾರೋ ಒಬ್ಬರು ಆಡಿದರು, ಹತ್ತು ಜನ ಒಪ್ಪಿದರು, ನೂರು ಜನ ತಿದ್ದಿದರು. ಒಪ್ಪದ ಮಾತು ಅಲ್ಲಿಯೇ ಉದುರಿ ಹೋಯಿತು.

ಗಾದೆಯ ಕಟ್ಟಡ ಎಷ್ಟು ಚಿಕ್ಕದು ನೋಡಿ! "ಕೈ ಕೆಸರಾದರೆ ಬಾಯಿ ಮೊಸರು." ನಾಲ್ಕೇ ಮಾತು. ಕೆಸರಿಗೂ ಮೊಸರಿಗೂ ಪ್ರಾಸ ಕೂಡಿತು; ಗದ್ದೆಯಿಂದ ಊಟದ ತಟ್ಟೆಯವರೆಗಿನ ದಾರಿಯೆಲ್ಲ ಅದರಲ್ಲಿ ಅಡಗಿತು. ಇದನ್ನೇ ನಾವು ಒಂದು ಗಂಟೆ ಉಪನ್ಯಾಸ ಮಾಡಿದರೆ ಅರ್ಧ ಜನ ತೂಕಡಿಸುತ್ತಾರೆ.

ಇನ್ನೊಂದು ಜಾಣತನವಿದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಇಲ್ಲಿ ಕೊನೆಗೆ ಬರುವ 'ಅಂತೆ' ಎಂಬುದನ್ನು ಗಮನಿಸಬೇಕು. ಗಾದೆಯು ಯಾರಿಗೂ "ನೀನು ಹೀಗೆ" ಎಂದು ಬೆರಳು ತೋರಿಸುವುದಿಲ್ಲ. ಎಲ್ಲಿಯೋ ಯಾರೋ ಹಾಗೆ ಅಂದಳಂತೆ ಎನ್ನುತ್ತದೆ. ಕೇಳಿದವನು ಮೊದಲು ನಗುತ್ತಾನೆ. ನಕ್ಕ ಮೇಲೆ, ಪರೀಕ್ಷೆಯಲ್ಲಿ ನಪಾಸಾದಾಗ ತಾನೂ ಪ್ರಶ್ನೆಪತ್ರಿಕೆಯನ್ನೇ ಬೈದಿದ್ದು ನೆನಪಾಗುತ್ತದೆ. 'ಅಂತೆ' ಎಂಬುದು ಕಹಿ ಗುಳಿಗೆಗೆ ಸವರಿದ ಬೆಲ್ಲ.

ಈ ಮಾತುಗಳ ಬೆಲೆಯನ್ನು ದೂರದಿಂದ ಬಂದವರೂ ಅರಿತರು. ಜರ್ಮನಿಯಿಂದ ಬಂದ ಕಿಟ್ಟೆಲ್ ಅವರ ದೊಡ್ಡ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಶಬ್ದಗಳ ಅರ್ಥಕ್ಕೆ ಸಾಕ್ಷಿಯಾಗಿ ಹಳೆಯ ಕಾವ್ಯಗಳ ಜೊತೆಗೆ ಗಾದೆಗಳನ್ನೂ ಕೊಟ್ಟಿದ್ದಾರೆ. ಕ್ರೈಸ್ತ ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು, ಎಷ್ಟೋ ಸಾಲು ಗಾದೆಗಳೇ ಆಗಿಹೋಗಿರುವ ಸರ್ವಜ್ಞನ ವಚನಗಳನ್ನು ಕಷ್ಟಪಟ್ಟು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಅನುಭವದ ಮಾತಿಗೆ ಜಾತಿಯಿಲ್ಲ, ಮತವಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಈಗ ಕೆಲವು ಓದಿದ ಹುಡುಗರು ಒಂದು ಪ್ರಶ್ನೆ ಕೇಳುತ್ತಾರೆ. "ತಾಳಿದವನು ಬಾಳಿಯಾನು" ಎಂದು ಒಂದು ಗಾದೆ. "ನಾಳೆ ಎಂದವನ ಮನೆ ಹಾಳು" ಎಂದು ಇನ್ನೊಂದು. ಇವುಗಳಲ್ಲಿ ಯಾವುದು ನಿಜ? ಪ್ರಶ್ನೆ ಒಳ್ಳೆಯದೇ. ವೈದ್ಯರ ಪೆಟ್ಟಿಗೆಯಲ್ಲಿ ಭೇದಿ ನಿಲ್ಲಿಸುವ ಔಷಧವೂ ಇರುತ್ತದೆ, ಭೇದಿ ಮಾಡಿಸುವ ಔಷಧವೂ ಇರುತ್ತದೆ. ಎರಡೂ ನಿಜವೇ, ರೋಗಿ ಯಾರೆಂಬುದನ್ನು ನೋಡಿ ಕೊಡಬೇಕು. ದುಡುಕುವವನಿಗೆ ಮೊದಲನೆಯ ಗಾದೆ, ಮೈಗಳ್ಳನಿಗೆ ಎರಡನೆಯದು.

ಆದರೆ ನಾವು ಮಾಡುವುದೇನು? ಸಾಲ ತೀರಿಸುವ ಸರದಿ ಬಂದಾಗ "ತಾಳಿದವನು ಬಾಳಿಯಾನು" ಎನ್ನುತ್ತೇವೆ. ಸಾಲ ವಸೂಲು ಮಾಡಲು ಹೋದಾಗ "ನಾಳೆ ಎಂದವನ ಮನೆ ಹಾಳು" ಎನ್ನುತ್ತೇವೆ. ನಮ್ಮ ಬೆಳೆ ಕೆಟ್ಟರೆ "ಹಣೆಬರಹಕ್ಕೆ ಹೊಣೆ ಯಾರು?" ನೆರೆಯವನ ಬೆಳೆ ಕೆಟ್ಟರೆ ಅವನ ಕೈ ಕೆಸರಾಗಲಿಲ್ಲ! ಗಾದೆ ಎರಡೂ ಸರಿಯಾಗಿವೆ. ಔಷಧ ಕುಡಿಯಬೇಕಾದವರು ಮಾತ್ರ ಅದಲುಬದಲಾಗಿದ್ದಾರೆ.

ಇದು ನಕ್ಕು ಬಿಡುವ ಸಂಗತಿಯಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ನಾವು ಯಾರಿಗೆ ಹೇಳುತ್ತೇವೆ? ಮಗಳ ಮದುವೆಗೆಂದು ಎರಡು ಎಕರೆ ಹೊಲ ಒತ್ತೆಯಿಟ್ಟ ಬಡ ತಂದೆಗೆ ಹೇಳುತ್ತೇವೆ. ಅವನು ಕಾಲನ್ನು ತಾನಾಗಿ ಚಾಚಿದನೇ? ವರದಕ್ಷಿಣೆಯನ್ನು ನಿಷೇಧಿಸಿ 1961ರಲ್ಲಿಯೇ ಕಾಯಿದೆಯಾಯಿತು. ಆದರೂ ಗಂಡಿನ ಕಡೆಯವರು ಬೇರೆ ಹೆಸರಿನಲ್ಲಿ ಕೇಳಿದರು. ಪಂಕ್ತಿಯಲ್ಲಿ ಕುಳಿತ ನಾವು ಎಷ್ಟು ಬಗೆಯ ಸಿಹಿ ಬಡಿಸಿದರೆಂದು ಎಣಿಸಿದೆವು, ಹೋಳಿಗೆಗೆ ತುಪ್ಪ ಸಾಲದೆಂದು ಆಡಿಕೊಂಡೆವು. ಅವನ ಕಾಲನ್ನು ಎಳೆದವರೂ ನಾವೇ, ಹಾಸಿಗೆ ಚಿಕ್ಕದೆಂದು ಬುದ್ಧಿ ಹೇಳಿದವರೂ ನಾವೇ. ಆ ಗಾದೆಯನ್ನು ಬೀಗರ ಮನೆಯಲ್ಲಿ, ಮಾತುಕತೆಯ ದಿನವೇ ಹೇಳಬೇಕಾಗಿತ್ತು. ಅಲ್ಲಿ ಹೇಳುವ ಧೈರ್ಯ ನಮಗೆ ಬರುವುದಿಲ್ಲ. ಬಲ್ಲಿದನ ಮುಂದೆ ಬಾಯಿ ಕಟ್ಟಿ, ಬಡವನ ಮುಂದೆ ಬಾಯಿ ಬಿಚ್ಚುವುದು ಜಾಣತನವಾದೀತೇ ಹೊರತು ಜ್ಞಾನವಾಗಲಾರದು.

ಇನ್ನೊಂದು ಮಾತನ್ನೂ ಹೇಳಬೇಕು. ಹಿರಿಯರಿಂದ ಬಂದುದೆಲ್ಲ ಶುದ್ಧ ಅಕ್ಕಿಯೆಂದು ತಿಳಿಯಬಾರದು. ಅದರಲ್ಲಿ ಕಲ್ಲೂ ಇದೆ. "ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ" ಎಂಬ ಗಾದೆಯನ್ನು ಇಂದಿಗೂ ಕೆಲವರು ನಗುತ್ತ ಹೇಳುತ್ತಾರೆ. ಹೇಳುವ ಆ ಗಂಡಸು ಬೆಳಿಗ್ಗೆ ತನ್ನ ಅಂಗಿ ಎಲ್ಲಿದೆಯೆಂದು ಹೆಂಡತಿಯನ್ನೇ ಕೇಳಿರುತ್ತಾನೆ. ಬರಗಾಲದಲ್ಲಿ ಸೇರು ಜೋಳದಲ್ಲಿ ಎಂಟು ಬಾಯಿ ತುಂಬಿಸಿದವಳು ಅವನ ತಾಯಿಯೇ ಆಗಿರುತ್ತಾಳೆ. ಜಾತಿಯ ಹೆಸರು ಹಿಡಿದು ಹಳಿಯುವ ಗಾದೆಗಳೂ ಇವೆ. ಅವು ಅನುಭವದಿಂದ ಹುಟ್ಟಿದವಲ್ಲ, ಅಹಂಕಾರದಿಂದ ಹುಟ್ಟಿದವು. ನಮ್ಮ ತಾಯಂದಿರು ಅಕ್ಕಿಯನ್ನು ಮೊರದಲ್ಲಿ ಕೇರಿ ಕಲ್ಲು ಆರಿಸಿ ತೆಗೆಯುವಂತೆ ಇವುಗಳನ್ನು ಆರಿಸಿ ಹೊರಗೆ ಹಾಕಬೇಕು. ಕಲ್ಲನ್ನು ಹಾಗೆಯೇ ಬೇಯಿಸಿ ಬಡಿಸಿದರೆ ಮುರಿಯುವುದು ಮಕ್ಕಳ ಹಲ್ಲು.

ಹಾಗಾದರೆ ಗಾದೆಯನ್ನು ಹೇಳಲೇಬಾರದೇ? ಹೇಳಬೇಕು, ಮೊದಲು ನಮಗೆ ನಾವೇ ಹೇಳಿಕೊಳ್ಳಬೇಕು. "ಆಚಾರ ಹೇಳುವುದು, ಬದನೆಕಾಯಿ ತಿನ್ನುವುದು" ಎಂಬ ಗಾದೆ ಎತ್ತರದಲ್ಲಿ ಕುಳಿತು ಉಪದೇಶ ಮಾಡುವ ನಮ್ಮಂಥವರಿಗಾಗಿಯೇ ಹುಟ್ಟಿದ್ದು. ಆದ್ದರಿಂದ ಮಾತಿಗೆ ತೊಡಗುವ ಮೊದಲು ಅದನ್ನು ನೆನೆದುಕೊಳ್ಳುವುದು ಕ್ಷೇಮ. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂಬುದನ್ನು ಊರಿನ ಮುಖಂಡರು ಮನೆಯ ಹೊಸ್ತಿಲಲ್ಲಿ ನೆನೆಯಲಿ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎಂಬುದನ್ನು ಅತ್ತೆ ತನ್ನ ಕಾಲದಲ್ಲಿಯೇ ನೆನೆಯಲಿ; ಸೊಸೆಯ ಕಾಲ ಬಂದ ಮೇಲೆ ನೆನೆದು ಪ್ರಯೋಜನವಿಲ್ಲ.

ಬರುವ ತಿಂಗಳುಗಳಲ್ಲಿ ಮದುವೆಗಳು ಬಹಳ. ನೀವೆಲ್ಲ ಪಂಕ್ತಿಯಲ್ಲಿ ಕುಳಿತುಕೊಳ್ಳುವವರೇ. ಎಲೆಯಲ್ಲಿ ಬಂದುದನ್ನು ಸಂತೋಷದಿಂದ ಊಟಮಾಡಿ, ಮಕ್ಕಳನ್ನು ಹರಸಿ, ಏನೊಂದನ್ನೂ ಎಣಿಸದೆ ಎದ್ದು ಬನ್ನಿ. ಆ ತಂದೆಗೆ ನೀವು ಯಾವ ಗಾದೆಯನ್ನೂ ಹೇಳಬೇಕಾಗಿ ಬರುವುದಿಲ್ಲ.