ಕೀಮೋ ಕಾಲದಲ್ಲಿ ಹೆಪ್ಪುಗಟ್ಟುವ ರಕ್ತ

ಬೆಂಗಳೂರಿನ ಹನುಮಂತನಗರದವರಿಗೆ ಕ್ಯಾನ್ಸರ್ ಆಸ್ಪತ್ರೆಗಳು ದೂರದವಲ್ಲ. ಶಂಕರಪುರದ ಶ್ರೀ ಶಂಕರ ಆಸ್ಪತ್ರೆ ನೆರೆಯಲ್ಲಿಯೇ ಇದೆ; 1973ರಲ್ಲಿ ಸ್ಥಾಪಿತವಾಗಿ ನಾಡಿನ ಎಲ್ಲ ದಿಕ್ಕುಗಳ ರೋಗಿಗಳಿಗೂ ಆಶ್ರಯವಾಗಿರುವ ಕಿದ್ವಾಯಿ ಸಂಸ್ಥೆಗೆ ಆಟೋದಲ್ಲಿಯೇ ಹೋಗಿಬರಬಹುದು. ಈ ಸಾಮೀಪ್ಯದಿಂದಾಗಿ ಎಷ್ಟೋ ರೋಗಿಗಳು ಬೆಳಗ್ಗೆ ಹೋಗಿ, ಡೇ ಕೇರ್ ವಾರ್ಡಿನಲ್ಲಿ ಕೀಮೋ ಹಾಕಿಸಿಕೊಂಡು, ಸಂಜೆಗೆ ಮನೆ ಸೇರುತ್ತಾರೆ. ಮುಂದಿನ ಸರದಿಯವರೆಗೆ ಅವರ ದೇಹದ ವ್ಯತ್ಯಾಸಗಳನ್ನು ಕಾಣುವ ಕಣ್ಣು ವೈದ್ಯರದಲ್ಲ, ಮಡದಿಯದು, ಮಗನದು, ಸೊಸೆಯದು. ವಾಂತಿ, ಜ್ವರ, ಕೂದಲುದುರುವಿಕೆಗಳಿಗೆ ಮನೆಯವರ ಮನಸ್ಸು ಸಿದ್ಧವಾಗಿರುತ್ತದೆ. ರಕ್ತವು ಸಿರೆಯೊಳಗೇ ಹೆಪ್ಪುಗಟ್ಟಬಹುದೆಂಬುದನ್ನು ಮಾತ್ರ ಅನೇಕರು ಕೇಳಿಯೇ ಇರುವುದಿಲ್ಲ.

ವೈದ್ಯಶಾಸ್ತ್ರಕ್ಕೆ ಇದು ಹೊಸ ವಿಷಯವೇನಲ್ಲ. ಪ್ಯಾರಿಸ್ಸಿನ ಆರ್ಮಾಂ ಟ್ರೂಸೋ ಎಂಬ ವೈದ್ಯಾಚಾರ್ಯನು, ಕಾರಣ ತೋರದೆ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟಿದ ರೋಗಿಯ ಒಳಗೆಲ್ಲೋ ಅರ್ಬುದವು ಅಡಗಿರಬಹುದೆಂದು 1865ರ ಸುಮಾರಿಗೆ ಬೋಧಿಸಿದ್ದನು. 1867ರಲ್ಲಿ ಆ ಲಕ್ಷಣವು ತನ್ನ ದೇಹದಲ್ಲಿಯೇ ಕಾಣಿಸಿಕೊಂಡಾಗ ತನಗೊದಗಿರುವುದು ಏನೆಂಬುದನ್ನು ಶಿಷ್ಯನಿಗೆ ತಾನೇ ತಿಳಿಸಿ, ಅದೇ ವರ್ಷ ಜಠರದ ಅರ್ಬುದದಿಂದ ತೀರಿಕೊಂಡನು. ಇಷ್ಟು ನಿರ್ಮಮವಾಗಿ ತನ್ನ ಶಾಸ್ತ್ರವನ್ನು ತನಗೇ ಅನ್ವಯಿಸಿಕೊಂಡವರು ವಿರಳ. ಅವನಿಗಿಂತ ಕೆಲವೇ ವರ್ಷಗಳ ಮುನ್ನ ಜರ್ಮನಿಯ ರುಡಾಲ್ಫ್ ವಿರ್ಕೋ ಕೈಗೊಂಡ ಅಧ್ಯಯನಗಳಿಂದ ಬೆಳೆದುಬಂದ ತತ್ತ್ವವೇ ಇಂದಿಗೂ ನಮಗೆ ಆಧಾರ: ರಕ್ತದ ಹರಿವು ಮಂದವಾದರೆ, ನಾಳದ ಒಳಪದರಕ್ಕೆ ಘಾಸಿಯಾದರೆ, ರಕ್ತದ ಗುಣವೇ ಘನೀಭವಿಸುವತ್ತ ವಾಲಿದರೆ, ಹೆಪ್ಪು ಹುಟ್ಟುತ್ತದೆ. ಕೀಮೋ ಪಡೆಯುವ ರೋಗಿಯಲ್ಲಿ ಈ ಮೂರೂ ಏಕಕಾಲದಲ್ಲಿ ಕೂಡಿಬರುತ್ತವೆ. ಗಡ್ಡೆಯ ಕೋಶಗಳು ಹೆಪ್ಪುಗಟ್ಟಿಸುವ ದ್ರವ್ಯಗಳನ್ನು ರಕ್ತಕ್ಕೆ ಬಿಡುತ್ತವೆ. ಸಿಸ್‌ಪ್ಲಾಟಿನ್‌ನಂಥ ಔಷಧಗಳು ನಾಳದ ಒಳಪದರವನ್ನು ನೋಯಿಸುತ್ತವೆ. ಔಷಧ ಹರಿಸಲೆಂದು ಎದೆಯಲ್ಲಿಟ್ಟ ಕೀಮೋಪೋರ್ಟ್ ಅಥವಾ ತೋಳಿನ ಕೊಳವೆ ಸಿರೆಯನ್ನು ಕೆರಳಿಸುತ್ತದೆ. ನಿಶ್ಶಕ್ತಿಯು ರೋಗಿಯನ್ನು ಹಾಸಿಗೆಗೆ ಕಟ್ಟಿಹಾಕುತ್ತದೆ.

ಅಮೆರಿಕದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಕ್ಯಾನ್ಸರ್ ಇದ್ದವರಲ್ಲಿ ಈ ಅಪಾಯ ಇತರರಿಗಿಂತ ಸುಮಾರು ನಾಲ್ಕು ಪಟ್ಟು, ಕೀಮೋ ಸೇರಿದರೆ ಆರೂವರೆ ಪಟ್ಟು. ಆದರೆ ಎಲ್ಲರಿಗೂ ಅಪಾಯ ಸಮನಲ್ಲ. ಭಾರತೀಯ ಮೂಲದ ಅಲೋಕ್ ಖೊರಾನಾ ಮತ್ತು ಸಂಗಡಿಗರು 2008ರಲ್ಲಿ ರೂಪಿಸಿದ ಅಂಕಪದ್ಧತಿ ಕೀಮೋ ಆರಂಭಕ್ಕೆ ಮುನ್ನವೇ ಇದನ್ನು ತೂಗಿನೋಡುತ್ತದೆ: ಜಠರ ಮತ್ತು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಹೆಚ್ಚು ಅಂಕ, ಶ್ವಾಸಕೋಶದ್ದಕ್ಕೆ ತುಸು ಕಡಮೆ, ಪ್ಲೇಟ್‌ಲೆಟ್ ಮೂರೂವರೆ ಲಕ್ಷ ಮುಟ್ಟಿದ್ದರೆ, ಹಿಮೋಗ್ಲೋಬಿನ್ 10ಕ್ಕಿಂತ ಇಳಿದಿದ್ದರೆ, ಬಿಳಿ ರಕ್ತಕಣ 11,000 ಮೀರಿದ್ದರೆ, ಸ್ಥೂಲಕಾಯವಿದ್ದರೆ ಮತ್ತಷ್ಟು. ಇದರ ಬಹುಭಾಗ ರೋಗಿಯ ಕೈಯಲ್ಲಿರುವ ಸಾಮಾನ್ಯ ರಕ್ತಪರೀಕ್ಷೆಯ ಚೀಟಿಯಲ್ಲಿಯೇ ಇರುತ್ತದೆ.

ಲಕ್ಷಣಗಳು ಸರಳ, ಆದುದರಿಂದಲೇ ಉಪೇಕ್ಷಿತ. ಒಂದೇ ಕಾಲು ಊದಿಕೊಳ್ಳುವುದು, ಮೀನಖಂಡದಲ್ಲಿ ನೋವು, ಮುಟ್ಟಿದರೆ ಬಿಸಿ, ಚರ್ಮ ಕೆಂಪೇರುವುದು. ಪೋರ್ಟ್ ಇರುವ ಕಡೆಯ ತೋಳು ದಪ್ಪವಾಗುವುದು. ಮನೆಯ ಹಿರಿಯರು ಇದನ್ನು ವಾಯುವೆಂದೋ, ಕಾಲಿಗೆ ನೀರು ಇಳಿದಿದೆಯೆಂದೋ ಭಾವಿಸಿ, ಪ್ರೀತಿಯಿಂದಲೇ ಎಣ್ಣೆ ಹಚ್ಚಿ ನೀವುತ್ತಾರೆ. ದಯವಿಟ್ಟು ನೀವಬೇಡಿ. ಹೆಪ್ಪಿನ ತುಣುಕು ಸಡಿಲಗೊಂಡು, ಹೃದಯದ ಮೂಲಕ ಹಾದು ಶ್ವಾಸಕೋಶದ ನಾಳವನ್ನು ಮುಚ್ಚಿದರೆ ಪ್ರಾಣಕ್ಕೇ ಸಂಚಕಾರ. ಒಮ್ಮೆಲೇ ಏದುಸಿರು, ಉಸಿರೆಳೆದಾಗ ಎದೆನೋವು, ಕೆಮ್ಮಿನಲ್ಲಿ ರಕ್ತ, ಮೂರ್ಛೆ ಕಂಡರೆ ಮುಂದಿನ ಓಪಿಡಿ ದಿನಕ್ಕೆ ಕಾಯದೆ ತುರ್ತು ವಿಭಾಗಕ್ಕೇ ಕರೆದೊಯ್ಯಬೇಕು. ಕಾಲಿನ ಊತವಾದರೆ ಅಂದೇ ಡಾಪ್ಲರ್ ಸ್ಕ್ಯಾನ್ ಮಾಡಿಸಬೇಕು.

ಚಿಕಿತ್ಸೆ ಉಂಟು, ಅದು ಫಲಿಸುತ್ತದೆ ಕೂಡ. ಹೊಟ್ಟೆಯ ಚರ್ಮದಡಿ ಕೊಡುವ ಹೆಪಾರಿನ್ ವರ್ಗದ ಚುಚ್ಚುಮದ್ದು, ಹಳೆಯ ವಾರ್ಫರಿನ್ ಮಾತ್ರೆಗಿಂತ ಮರುಕಳಿಕೆಯನ್ನು ಸುಮಾರು ಅರ್ಧಕ್ಕೆ ತಗ್ಗಿಸಿತೆಂದು 2003ರ ಪ್ರಯೋಗವೊಂದು ತೋರಿಸಿತು. ಅಪಿಕ್ಸಬಾನ್, ರಿವರೊಕ್ಸಬಾನ್ ಮಾತ್ರೆಗಳು ಈಗ ಅನೇಕರಿಗೆ ಸೂಜಿಯ ನೋವನ್ನು ತಪ್ಪಿಸಿವೆ. ಜಠರ, ಕರುಳುಗಳ ಕ್ಯಾನ್ಸರಿನಲ್ಲಿ ಈ ಮಾತ್ರೆಗಳಿಂದ ರಕ್ತಸ್ರಾವದ ಭಯ ಹೆಚ್ಚು. ಕೀಮೋದಿಂದ ಪ್ಲೇಟ್‌ಲೆಟ್ 50,000ಕ್ಕಿಂತ ಇಳಿದಾಗ ಯಾವುದೇ ಔಷಧವನ್ನೂ ಮರುವಿಮರ್ಶಿಸಬೇಕಾಗುತ್ತದೆ. ಆದುದರಿಂದ ನೆರೆಯವರಿಗೆ ಗುಣವಾಯಿತೆಂದು ಅಂಗಡಿಯಿಂದ ಮಾತ್ರೆ ತಂದು ನುಂಗುವುದಾಗಲಿ, ಊತ ಇಳಿಯಿತೆಂದು ನಡುವೆ ಬಿಡುವುದಾಗಲಿ ಸಲ್ಲದು. ಸಾಮಾನ್ಯವಾಗಿ ಚಿಕಿತ್ಸೆ ಮೂರರಿಂದ ಆರು ತಿಂಗಳಾದರೂ ನಡೆಯುತ್ತದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕೀಮೋ ಆರಂಭವಾಗುವುದಿದ್ದರೆ, ಮೊದಲ ಭೇಟಿಯಲ್ಲಿಯೇ ವೈದ್ಯರನ್ನು ಕೇಳಿ: ಹೆಪ್ಪುಗಟ್ಟುವ ಅಪಾಯ ಇವರಿಗೆ ಎಷ್ಟು, ಮುಂಜಾಗ್ರತೆಯ ಔಷಧ ಬೇಕೇ, ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಮತ್ತು, ವೈದ್ಯರು ಬೇಡವೆನ್ನದಿದ್ದರೆ, ರೋಗಿಯನ್ನು ದಿನವೆಲ್ಲ ಮಲಗಿಸಬೇಡಿ. ಹೊತ್ತುಹೊತ್ತಿಗೆ ನೀರು ಕುಡಿಸಿ, ಕೈಹಿಡಿದು ನಾಲ್ಕು ಹೆಜ್ಜೆ ನಡೆಸಿ.