ಎರಡು ಪಾನಾಗಳ ಕಸುಬು

ಕಬ್ಬು ಕಡಿದ ಮೇಲೆ ರಾಯಬಾಗ, ಅಥಣಿ, ಕಾಗವಾಡದ ಕಡೆ ರವದಿಗೆ ಬೆಂಕಿ ಹಚ್ಚುತ್ತಾರೆ. ಕರಿ ಬೂದಿ ತೇಲಿ ಬಂದು ಊರ ಮೇಲೆಲ್ಲ ಕೂರುತ್ತದೆ. ಮೊಬೈಲ್ ಟವರಿನ ಕೇಬಲ್ ಪರೀಕ್ಷಿಸುವ ಹುಡುಗರು ಆ ಬೂದಿಯಲ್ಲೇ ಕೆಲಸ ಮಾಡಬೇಕು. ಅಂಗಿಗೆ ಬಿದ್ದದ್ದನ್ನು ಕೊಡವಬಹುದು. ಅಳತೆಯ ಉಪಕರಣದ ಬಾಯಿಗೆ ಬಿದ್ದರೆ ಕಷ್ಟ.

ಆ ಬಾಯಿಯಲ್ಲಿ ಸಾಮಾನ್ಯವಾಗಿ ಇರುವುದು ಎನ್-ಟೈಪ್ ಕನೆಕ್ಟರ್. 1940ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಪಾಲ್ ನೀಲ್ ರೂಪಿಸಿದ್ದು. ಅವರ ಹೆಸರಿನ 'ಎನ್' ಅದಕ್ಕೆ ಉಳಿದಿದೆ. ನಡುವೆ ಪಿನ್, ಸುತ್ತ ಲೋಹದ ಕೊಳವೆ. ಎರಡರ ಅಳತೆ ಕೂಡಿ 50 ಓಮ್ ಇಂಪೀಡೆನ್ಸ್ ಬರುತ್ತದೆ. ಪಿನ್ ಕೂದಲೆಳೆಯಷ್ಟು ಮುಂದೆ ಚಾಚಿದ್ದರೂ ಎದುರಿನ ಪಿನ್ನನ್ನು ಒತ್ತಿ ಕೆಡಿಸುತ್ತದೆ. ಕೆಟ್ಟದ್ದು ಮತ್ತೊಂದನ್ನು ಕೆಡಿಸುತ್ತದೆ, ಥೇಟ್ ಕಜ್ಜಿಯ ಹಾಗೆ. ಟಿವಿ ಕೇಬಲಿನ ಲೋಕದ 75 ಓಮ್ ಎನ್-ಟೈಪ್ ನೋಡಲು ಇದರಂತೆಯೇ ಇದೆ, ಆದರೆ ಅದರ ನಡುವಿನ ತೂತು ಸಣ್ಣದು. ಅದಕ್ಕೆ 50 ಓಮಿನ ಪಿನ್ ತೂರಿಸಿದರೆ ತೂತು ಸೀಳಿ ಹೋಗುತ್ತದೆ.

ಇನ್ನು ಪಾನಾ. ಆಂಟೆನಾ ಕಡೆಯ ದಪ್ಪ 7/16 ಕನೆಕ್ಟರಿಗೆ 25–30 ನ್ಯೂಟನ್ ಮೀಟರ್ ಬಿಗಿತ ಬೇಕು. ನೆಲದ ಮೇಲಿನ ಉಪಕರಣದ ಎನ್-ಟೈಪಿಗೆ ಸುಮಾರು 1.36 ಸಾಕು. ಒಂದೇ ಕೈ, ಒಂದೇ ಹೊತ್ತು, ಇಪ್ಪತ್ತು ಪಟ್ಟು ವ್ಯತ್ಯಾಸ! ಅದಕ್ಕೆಂದೇ ಸಣ್ಣ ಟಾರ್ಕ್ ಪಾನಾ ಉಂಟು. ಬಿಗಿತ ಮುಟ್ಟಿದೊಡನೆ ಅದರ ಹಿಡಿ ಬಾಗುತ್ತದೆ, ಕೈ ಅಲ್ಲಿಗೇ ನಿಲ್ಲಬೇಕು. ತಿರುಗಬೇಕಾದದ್ದು ನಟ್ ಮಾತ್ರ. ಕೇಬಲ್ ತಿರುಗಿದರೆ ಒಳಗೆ ಪಿನ್ ಉಜ್ಜಿ ಸವೆಯುತ್ತದೆ.

ನನಗೆ ಬಲು ಮೆಚ್ಚಿಗೆಯಾದದ್ದು 'ಕನೆಕ್ಟರ್ ಸೇವರ್'. ಬೆರಳುದ್ದದ ಅಡಾಪ್ಟರ್, ಉಪಕರಣಕ್ಕೆ ಒಮ್ಮೆ ಕೂರಿಸಿದರೆ ತೆಗೆಯುವುದಿಲ್ಲ. ದಿನದ ಜೋಡಣೆಯೆಲ್ಲ ಅದರ ತುದಿಗೇ. ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸಿದ ಹಾಗೆ: ಪಟ್ಟಿ ಸವೆಯುತ್ತದೆ, ಕಟ್ಟಿಗೆ ಉಳಿಯುತ್ತದೆ. ಓಪನ್, ಶಾರ್ಟ್, ಲೋಡ್ ಎಂಬ ಅಳತೆಯ ಮಾದರಿಗಳನ್ನು ಹಾಕಿ ಕ್ಯಾಲಿಬ್ರೇಟ್ ಮಾಡುವುದನ್ನೂ ಆ ತುದಿಯಲ್ಲೇ ಮಾಡಿದರೆ ಅಡಾಪ್ಟರಿನ ಪ್ರಭಾವ ಲೆಕ್ಕದಿಂದ ಕಳೆದುಹೋಗುತ್ತದೆ.

ಬೂದಿ ಕಂಡರೆ ಬಾಯಿಂದ ಊದಬಾರದು, ಉಸಿರಿನಲ್ಲಿ ನೀರಿದೆ. ಎಳೆ ಬಿಡದ ಸ್ವಾಬಿಗೆ ತುಸುವೇ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ, ಪಿನ್ ಅಲುಗದಂತೆ ಒರೆಸಬೇಕು. ಉದ್ದನೆಯ ಕೇಬಲಿನಲ್ಲಿ ಕೂಡಿಕೊಂಡ ವಿದ್ಯುತ್ತನ್ನು ಮೊದಲು ನೆಲಕ್ಕಿಳಿಸಿ, ಆಮೇಲೆ ಉಪಕರಣಕ್ಕೆ ಜೋಡಿಸಬೇಕು.

ಕೆಲಸ ಮುಗಿಯಿತೆಂದರೆ ಮುಚ್ಚಳ. ಅದರ ಒಳಗೂ ಬೂದಿ ಇರಬಹುದು, ನೋಡಿ ಒರೆಸಿಯೇ ಹಾಕಬೇಕು. ಚೀಲದಲ್ಲಿ ಎರಡು ಪಾನಾಗಳಿಗೆ ಎರಡು ಬೇರೆ ಜೇಬು.