ಪಿಂಚಣಿ ಕಡತದಲ್ಲಿ ಸಿಕ್ಕ ಮುತ್ತಜ್ಜ

1895ರಲ್ಲಿ ಅಮೆರಿಕದ ಪಿಂಚಣಿ ಇಲಾಖೆ ನ್ಯೂಯಾರ್ಕ್ ರಾಜ್ಯದ ಆಬರ್ನ್ ಊರಿನ ಒಬ್ಬ ವೃದ್ಧೆಗೆ ತಿಂಗಳಿಗೆ 8 ಡಾಲರ್ ವಿಧವಾ ಪಿಂಚಣಿ ಮಂಜೂರು ಮಾಡಿತು. ಆಕೆ ಹ್ಯಾರಿಯೆಟ್ ಟಬ್‌ಮನ್. ಮೇರಿಲ್ಯಾಂಡ್ ರಾಜ್ಯದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು, ಮತ್ತೆ ಮತ್ತೆ ಅಲ್ಲಿಗೇ ಹೋಗಿ ತನ್ನವರನ್ನು ಬಿಡಿಸಿ ತಂದಾಕೆ. 1863ರ ಜೂನಿನಲ್ಲಿ ಕಂಬಾಹೀ ನದಿಯ ದಾಳಿಯಲ್ಲಿ ಸೈನ್ಯಕ್ಕೆ ದಾರಿ ತೋರಿಸಿ ಏಳುನೂರಕ್ಕೂ ಹೆಚ್ಚು ಜನರ ಬಿಡುಗಡೆಗೆ ಕಾರಣಳಾದಾಕೆ. ಆದರೆ ಆ 8 ಡಾಲರ್ ಬಂದದ್ದು ಈ ಸಾಹಸಕ್ಕಲ್ಲ, ಅಂತರ್ಯುದ್ಧದಲ್ಲಿ ಸೈನಿಕನಾಗಿದ್ದ ಗಂಡ ನೆಲ್ಸನ್ ಡೇವಿಸ್ ಸತ್ತಿದ್ದಕ್ಕೆ.

ಅದನ್ನು ಪಡೆಯುವುದೂ ಸುಲಭವಾಗಿರಲಿಲ್ಲ. ಸೈನ್ಯದ ಪಟ್ಟಿಯಲ್ಲಿ ನೆಲ್ಸನ್ ಡೇವಿಸ್ ಎಂಬ ಹೆಸರೇ ಇರಲಿಲ್ಲ. ಎಂಟನೆಯ ಕಪ್ಪು ಸೈನಿಕರ ರೆಜಿಮೆಂಟಿಗೆ ಸೇರಿದ್ದವನು ನೆಲ್ಸನ್ ಚಾರ್ಲ್ಸ್. ಚಾರ್ಲ್ಸ್ ಎಂಬುದು ಅವನ ಒಡೆಯನ ಹೆಸರು, ಡೇವಿಸ್ ಅವನ ತಂದೆಯದು ಎಂದು ಟಬ್‌ಮನ್ ಪ್ರಮಾಣ ಮಾಡಿ ಹೇಳಬೇಕಾಯಿತು. ಮೊದಲ ಗಂಡ ತೀರಿಕೊಂಡದ್ದನ್ನೂ ಎರಡನೆಯ ಮದುವೆಯನ್ನೂ ರುಜುವಾತು ಮಾಡಬೇಕಾಯಿತು. ಓದುಬರಹ ಬಾರದ ಒಬ್ಬ ಹೆಂಗಸು ತನ್ನ ಗಂಡನ ತಂದೆ ಯಾರು, ಒಡೆಯ ಯಾರು ಎಂದು ಹೇಳಿದ್ದು ಸರ್ಕಾರಿ ಕಾಗದದ ಮೇಲೆ ಹೀಗೆ ಉಳಿಯಿತು. ಅಮೆರಿಕದ ಕಪ್ಪು ಕುಟುಂಬಗಳು ಪೂರ್ವಜರನ್ನು ಹುಡುಕಿಕೊಂಡು ಹೊರಟಾಗ ಈ ಬಗೆಯ ಕಡತಗಳನ್ನು ಅಷ್ಟು ಆಸೆಯಿಂದ ತೆರೆಯುವುದು ಈ ಕಾರಣಕ್ಕೇ.

ಬಿಳಿಯರ ಮನೆತನವಾದರೆ ಜನಗಣತಿಯ ಪುಸ್ತಕ ಹಿಡಿದು ಹತ್ತತ್ತು ವರ್ಷ ಹಿಂದಕ್ಕೆ ಸರಿಯುತ್ತಾ ಹೋಗಬಹುದು. ಕಪ್ಪು ಕುಟುಂಬಗಳ ಹುಡುಕಾಟ ಸಾಮಾನ್ಯವಾಗಿ 1870ಕ್ಕೆ ಬಂದು ನಿಲ್ಲುತ್ತದೆ. ಬಿಡುಗಡೆಯಾದ ಎಲ್ಲರ ಹೆಸರು ಮೊದಲ ಸಲ ಜನಗಣತಿಗೆ ಹತ್ತಿದ್ದು ಆ ವರ್ಷ. 1850 ಮತ್ತು 1860ರಲ್ಲಿ ಗುಲಾಮರಿಗೆಂದೇ ಬೇರೆ ಪಟ್ಟಿ ಇತ್ತು. ಅದರಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಮಾತ್ರ ಇರುತ್ತಿದ್ದವು. 1860ರಲ್ಲಿ ಸುಮಾರು 39.5 ಲಕ್ಷ ಜನರನ್ನು ದೇಶ ಎಣಿಸಿತು. ಕೆಲವೇ ಕೆಲವರನ್ನು ಬಿಟ್ಟರೆ ಯಾರ ಹೆಸರನ್ನೂ ಬರೆಯಲಿಲ್ಲ.

ಈ ಗೋಡೆಯಲ್ಲಿ ಕಿಂಡಿ ಕೊರೆದದ್ದು ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಆ ಅಂತರ್ಯುದ್ಧ. 1863ರ ಮೇ ತಿಂಗಳಲ್ಲಿ ಕಪ್ಪು ಸೈನಿಕರ ನೇಮಕಕ್ಕೆಂದೇ ಒಂದು ವಿಭಾಗ ತೆರೆಯಲಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಉತ್ತರದ ಸೈನ್ಯದಲ್ಲಿ ಸುಮಾರು 1,79,000 ಕಪ್ಪು ಸೈನಿಕರು ಸೇವೆ ಸಲ್ಲಿಸಿದ್ದರು, ನೌಕಾಪಡೆಯಲ್ಲಿ ಇನ್ನೂ ಸುಮಾರು 19,000 ಮಂದಿ. ಹತ್ತಿರ ಹತ್ತಿರ 40,000 ಮಂದಿ ಸತ್ತರು. ಗುಂಡಿಗಿಂತ ಕಾಯಿಲೆಗೆ ಬಲಿಯಾದವರೇ ಹೆಚ್ಚು. ಸೈನ್ಯಕ್ಕೆ ಸೇರುವಾಗ ಗುಮಾಸ್ತ ಎದುರಿಗೆ ಕೂತು ಹೆಸರು, ವಯಸ್ಸು, ಎತ್ತರ, ಮೈಬಣ್ಣ, ಕಸುಬು, ಹುಟ್ಟಿದ ಜಿಲ್ಲೆ ಎಲ್ಲವನ್ನೂ ಕೇಳಿ ಬರೆದುಕೊಳ್ಳುತ್ತಿದ್ದ. ಗುಲಾಮನಾಗಿದ್ದವನ ಬಾಳಿನಲ್ಲಿ ಸರ್ಕಾರ ಅವನ ಹೆಸರನ್ನು ಅವನನ್ನೇ ಕೇಳಿದ್ದು ಬಹುಶಃ ಅದೇ ಮೊದಲು.

ಆ ಕಾಗದಗಳು ಇವತ್ತು ವಾಷಿಂಗ್ಟನ್‌ನ ರಾಷ್ಟ್ರೀಯ ದಾಖಲೆಗಾರದಲ್ಲಿವೆ. 1880ರ ದಶಕದ ಕೊನೆಯಿಂದ ಫ್ರೆಡ್ ಐನ್ಸ್‌ವರ್ತ್ ಎಂಬ ಸೇನಾ ವೈದ್ಯಾಧಿಕಾರಿಯ ಯೋಜನೆಯಂತೆ ಗುಮಾಸ್ತರು ಹಾಜರಿ ಪಟ್ಟಿ, ಆಸ್ಪತ್ರೆ ಪುಸ್ತಕಗಳಿಂದ ಒಬ್ಬೊಬ್ಬ ಸೈನಿಕನ ವಿವರವನ್ನೂ ಕಾರ್ಡುಗಳಿಗೆ ಇಳಿಸಿ, ಅವನ ಹೆಸರಿನ ಲಕೋಟೆಯಲ್ಲಿ ತುಂಬಿಟ್ಟರು. ಹುಡುಕುವವರು ಮೊದಲು ರಾಷ್ಟ್ರೀಯ ಉದ್ಯಾನ ಇಲಾಖೆಯ ಸೈನಿಕರ ಪಟ್ಟಿಯಲ್ಲಿ ಹೆಸರನ್ನೂ ರೆಜಿಮೆಂಟನ್ನೂ ಗುರುತಿಸಿಕೊಳ್ಳುತ್ತಾರೆ, ಆಮೇಲೆ ಈ ಲಕೋಟೆ ಬಿಚ್ಚುತ್ತಾರೆ. ಕಪ್ಪು ರೆಜಿಮೆಂಟುಗಳ ಲಕೋಟೆಗಳನ್ನು ಈಗ ಕಂಪ್ಯೂಟರಿನಲ್ಲೇ ನೋಡಬಹುದು.

ಅವುಗಳಲ್ಲಿ ಕೆಲವು ಓದುವವರ ಎದೆಯನ್ನು ಹಿಂಡುತ್ತವೆ. ಒಕ್ಕೂಟ ಬಿಡದೆ ಉಳಿದಿದ್ದ ಗಡಿ ರಾಜ್ಯಗಳಲ್ಲಿ ಗುಲಾಮ ಸೈನ್ಯ ಸೇರಿದರೆ ಸರ್ಕಾರಕ್ಕೆ ನಿಷ್ಠನಾದ ಒಡೆಯ 300 ಡಾಲರ್‌ವರೆಗೆ ಪರಿಹಾರ ಕೇಳಬಹುದಿತ್ತು. ಕೇಳಿದವನು ಬಿಡುಗಡೆ ಪತ್ರ ಕೊಡಬೇಕು, ಈ ಮನುಷ್ಯ ತನ್ನ ಸ್ವತ್ತೆಂದು ತೋರಿಸಬೇಕು. ದೇಶಕ್ಕಾಗಿ ಹೋರಾಡಿದವನ ಲಕೋಟೆಯಲ್ಲೇ ಅವನ ಬೆಲೆಯ ಅರ್ಜಿಯೂ ಇರುತ್ತದೆ. ಆದರೂ ವಂಶಸ್ಥರು ಆ ಕಾಗದಕ್ಕಾಗಿ ಹಂಬಲಿಸುತ್ತಾರೆ. ಒಡೆಯನ ಹೆಸರು ಸಿಕ್ಕಿದರೆ ಅವನ ಉಯಿಲು, ಆಸ್ತಿ ಪಾಲಿನ ಪಟ್ಟಿ, ಕ್ರಯಪತ್ರಗಳನ್ನು ಜಿಲ್ಲಾ ನ್ಯಾಯಾಲಯದಲ್ಲಿ ತೆಗೆಸಿ ನೋಡಬಹುದು. ಹಸು, ಕುದುರೆ, ಮಂಚಗಳ ಸಾಲಿನಲ್ಲಿ ಮುತ್ತಜ್ಜನ ತಾಯಿಯ ಹೆಸರು ಕಾಣಬಹುದು.

ಸಂಬಳದ ಅನ್ಯಾಯವೂ ಹೀಗೆ ಗುರುತು ಬಿಟ್ಟು ಹೋಗಿದೆ. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್; ಕಪ್ಪು ಸೈನಿಕನಿಗೆ 10, ಅದರಲ್ಲೂ ಬಟ್ಟೆಯ ಬಾಬ್ತು 3 ಡಾಲರ್ ಮುರಿದುಕೊಳ್ಳುತ್ತಿದ್ದರು. ಮ್ಯಾಸಚೂಸೆಟ್ಸಿನ 54ನೆಯ ರೆಜಿಮೆಂಟಿನವರು ಆ ಸಂಬಳವನ್ನು ಮುಟ್ಟಲೇ ಇಲ್ಲ. ಸಂಬಳವಿಲ್ಲದೆಯೇ ಫೋರ್ಟ್ ವ್ಯಾಗ್ನರ್ ಕೋಟೆಯ ಮೇಲೆ ಏರಿಹೋದರು, ಹಲವರು ಅಲ್ಲೇ ಸತ್ತರು. 1864ರ ಜೂನಿನಲ್ಲಿ ಸಂಸತ್ತು ಸಮಾನ ವೇತನಕ್ಕೆ ಒಪ್ಪಿತಾದರೂ, 1861ರ ಏಪ್ರಿಲ್ 19ಕ್ಕೆ ಸ್ವತಂತ್ರರಾಗಿದ್ದವರಿಗೆ ಮಾತ್ರ ಸೇರಿದ ದಿನದಿಂದ ಪೂರ್ತಿ ಬಾಕಿ ಎಂದಿತು. ಆ ದಿನ ಯಾರು ಸ್ವತಂತ್ರರು ಎಂಬ ಟಿಪ್ಪಣಿ ಹಾಜರಿ ಪಟ್ಟಿಗಳಿಗೆ ಸೇರಿದ್ದು ಹೀಗೆ. 54ನೆಯ ರೆಜಿಮೆಂಟಿನ ಕರ್ನಲ್ ಎಡ್ವರ್ಡ್ ಹ್ಯಾಲೊವೆಲ್, ಆ ದಿನ ತಾನು ಯಾರಿಗೂ ಬಿಟ್ಟಿ ದುಡಿಮೆಯ ಋಣಿಯಾಗಿರಲಿಲ್ಲ ಎಂಬ ಪ್ರಮಾಣವಚನವನ್ನು ರೂಪಿಸಿದರು. ಗುಲಾಮಗಿರಿ ಅನ್ಯಾಯವೆಂದು ನಂಬಿದ ಯಾರು ಬೇಕಾದರೂ ಅದನ್ನು ನಿರ್ಮಲ ಮನಸ್ಸಿನಿಂದ ಹೇಳಬಹುದಿತ್ತು. ಆದ್ದರಿಂದ ಆ ಟಿಪ್ಪಣಿಯೊಂದನ್ನೇ ನಂಬಿ ಮುತ್ತಜ್ಜ ಹುಟ್ಟಾ ಸ್ವತಂತ್ರನೆಂದು ತೀರ್ಮಾನಿಸಲು ಬರುವುದಿಲ್ಲ.

ಆದರೆ ನಿಜವಾದ ಸಂಪತ್ತು ಇರುವುದು ಪಿಂಚಣಿ ಕಡತಗಳಲ್ಲಿ. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ, ಚರ್ಚಿನ ಪುಸ್ತಕವಿಲ್ಲ, ಪ್ರಮಾಣಪತ್ರವಿಲ್ಲ. ಹಾಗಾದರೆ ಸತ್ತ ಸೈನಿಕನ ಹೆಂಡತಿ ಯಾರು? 1864ರ ಏಪ್ರಿಲಿನಲ್ಲಿ ಟೆನೆಸ್ಸಿಯ ಫೋರ್ಟ್ ಪಿಲ್ಲೊ ಕೋಟೆಯಲ್ಲಿ ಕಪ್ಪು ಸೈನಿಕರ ಕಗ್ಗೊಲೆ ನಡೆಯಿತು. ಅಲ್ಲಿ ಮಡಿದ ಬಿಳಿಯ ಅಧಿಕಾರಿ ಮೇಜರ್ ಬೂತ್ ಅವರ ಹೆಂಡತಿ ಅಧ್ಯಕ್ಷ ಲಿಂಕನ್‌ರನ್ನು ಕಂಡು, ತನ್ನ ಗಂಡನೊಂದಿಗೆ ಸತ್ತವರ ವಿಧವೆಯರ ಗತಿಯೇನು ಎಂದು ಕೇಳಿದರು. ಲಿಂಕನ್ ಆಕೆಯನ್ನು ಸೆನೆಟರ್ ಸಮ್ನರ್ ಬಳಿಗೆ ಪತ್ರ ಕೊಟ್ಟು ಕಳಿಸಿದರು. ಆ ವರ್ಷದ ಜುಲೈನಲ್ಲಿ ಬಂದ ಕಾನೂನು, ಗಂಡಹೆಂಡಿರಾಗಿ ಬಾಳಿದ್ದಕ್ಕೆ ನಂಬಿಕಸ್ತರ ಸಾಕ್ಷಿ ಇದ್ದರೆ ಸಾಕು ಎಂದಿತು.

ಸಾಕ್ಷಿ ಬೇಕೆಂದ ಮೇಲೆ ಜನ ಮಾತಾಡಿದರು. ಪಿಂಚಣಿ ಇಲಾಖೆಯ ತನಿಖಾಧಿಕಾರಿಗಳು ಊರೂರಿಗೆ ಹೋಗಿ ನೆರೆಯವರನ್ನು, ಜೊತೆಗೆ ಹತ್ತಿ ಬಿಡಿಸಿದವರನ್ನು, ಸೂಲಗಿತ್ತಿಯರನ್ನು, ಕೆಲವೊಮ್ಮೆ ಹಳೆಯ ಒಡೆಯನ ಮನೆಯವರನ್ನೂ ಕೂರಿಸಿ ವಿಚಾರಿಸಿದರು. ಯಾವ ತೋಟದಲ್ಲಿ ಹುಟ್ಟಿದೆ, ತಂದೆತಾಯಿ ಯಾರು, ಯಾರಿಗೆ ಮಾರಿದರು, ಮಕ್ಕಳು ಎಷ್ಟು? ತಾರೀಖು ತಿಳಿಯದವರು ನಕ್ಷತ್ರ ಉದುರಿದ ವರ್ಷದಿಂದ ಲೆಕ್ಕ ಹಿಡಿಯುತ್ತಿದ್ದರು. 1833ರ ನವೆಂಬರಿನ ಆ ಉಲ್ಕಾವೃಷ್ಟಿ ಒಂದು ಪೀಳಿಗೆಯ ನೆನಪಿನಲ್ಲಿ ಅಷ್ಟು ಗಟ್ಟಿಯಾಗಿ ಕೂತಿತ್ತು.

ಅಧಿಕಾರಿಗಳ ಪ್ರಶ್ನೆಗಳಲ್ಲಿ ಕರುಣೆಗಿಂತ ಸಂಶಯವೇ ಹೆಚ್ಚು. ಇತಿಹಾಸಕಾರ ಡೊನಾಲ್ಡ್ ಶಾಫರ್ ಮಾದರಿ ಕಡತಗಳನ್ನು ಹೋಲಿಸಿ ನೋಡಿದಾಗ, ಬಿಳಿಯ ಮಾಜಿ ಸೈನಿಕರಲ್ಲಿ ಶೇ 92ರಷ್ಟು ಮಂದಿಗೆ ಒಮ್ಮೆಯಾದರೂ ಪಿಂಚಣಿ ಸಿಕ್ಕಿತ್ತು, ಕಪ್ಪು ಸೈನಿಕರಲ್ಲಿ ಶೇ 75ರಷ್ಟು ಮಂದಿಗೆ. ಕಾಡಿಸಿದಷ್ಟೂ ಕಡತ ದಪ್ಪವಾಗುತ್ತದೆ. ಸಲೀಸಾಗಿ ಮಂಜೂರಾದವರ ಕಡತದಲ್ಲಿ ನಾಲ್ಕು ಹಾಳೆ ಇದ್ದರೆ, ಸತಾಯಿಸಿಕೊಂಡವರದರಲ್ಲಿ ಇಡೀ ಕುಟುಂಬದ ಕಥೆಯೇ ಇರುತ್ತದೆ. ಅವರ ನೋವಿನಿಂದಲೇ ಮೊಮ್ಮಕ್ಕಳಿಗೆ ಇಷ್ಟು ತಿಳಿಯಬೇಕಾಯಿತು ಎಂಬುದು ದುಃಖದ ಮಾತು.

ಹೆಸರು ಬದಲಾಗಿದ್ದರೆ ಹುಡುಕುವುದು ಹೇಗೆ? ಪಿಂಚಣಿಗೆ ಎರಡು ಸೂಚಿಗಳಿವೆ. ಒಂದು ಹೆಸರಿನ ಅಕಾರಾದಿ, ಇನ್ನೊಂದು ರೆಜಿಮೆಂಟು ಮತ್ತು ಕಂಪನಿಯ ಪ್ರಕಾರ ಜೋಡಿಸಿದ್ದು. ಅನುಭವಿಗಳು ಎರಡನೆಯದನ್ನು ಬಿಡುವುದಿಲ್ಲ. ಒಂದೇ ಸೀಮೆಯಿಂದ, ಎಷ್ಟೋ ಸಲ ಒಂದೇ ತೋಟದಿಂದ ಗೆಳೆಯರು ಕೂಡಿ ಸೈನ್ಯ ಸೇರುತ್ತಿದ್ದರು. ಮುಂದೆ ಒಬ್ಬರ ಅರ್ಜಿಗೆ ಇನ್ನೊಬ್ಬರು ಸಾಕ್ಷಿ. ತಮ್ಮ ಮುತ್ತಜ್ಜ ಪಿಂಚಣಿ ಕೇಳದಿದ್ದರೂ ಅವನ ಮಾತು ಪಕ್ಕದ ಗುಡಾರದವನ ಕಡತದಲ್ಲಿ ಸಿಗಬಹುದು. ಈ ಕಡತಗಳಲ್ಲಿ ಬಹುಪಾಲು ಇನ್ನೂ ಕಾಗದದಲ್ಲೇ ಇವೆ, ಹೋಗಿ ನೋಡಬೇಕು ಇಲ್ಲವೇ ಹಣ ಕಟ್ಟಿ ಪ್ರತಿ ತರಿಸಬೇಕು.

ಈ ಪಿಂಚಣಿಯ ಗಾತ್ರವೂ ಬಾಳಿಕೆಯೂ ಅಚ್ಚರಿಯವೇ. 1890ರ ದಶಕದ ಆರಂಭದಲ್ಲಿ ಅದು ಒಕ್ಕೂಟ ಸರ್ಕಾರದ ಖರ್ಚಿನ ಸುಮಾರು ಶೇ 40ರಷ್ಟಾಗಿತ್ತು. ಕೊನೆಯದಾಗಿ ಪಡೆದವರು ಐರೀನ್ ಟ್ರಿಪ್ಲೆಟ್ ಎಂಬ ಬಿಳಿಯ ಮಹಿಳೆ. ಮೊದಲು ದಕ್ಷಿಣದ ಸೈನ್ಯದಲ್ಲಿದ್ದು ಆಮೇಲೆ ಉತ್ತರಕ್ಕೆ ಸೇರಿದ ಸೈನಿಕನ ಮಗಳಾದ ಆಕೆಗೆ ತಿಂಗಳಿಗೆ 73.13 ಡಾಲರ್ ಬರುತ್ತಿತ್ತು, 2020ರಲ್ಲಿ ತೀರಿಕೊಳ್ಳುವವರೆಗೂ. ದಕ್ಷಿಣದ ಪಾಳಯದಲ್ಲೇ ಉಳಿದವರಿಗೆ ಒಕ್ಕೂಟದ ಪಿಂಚಣಿ ಇರಲಿಲ್ಲ. ಅವರಿಗೆ ಕೊಟ್ಟದ್ದು ಆಯಾ ರಾಜ್ಯಗಳು, ಕಾಗದಗಳೂ ಆಯಾ ರಾಜ್ಯದ ದಾಖಲೆಗಾರಗಳಲ್ಲೇ ಇವೆ.

ಪಿಂಚಣಿ ಕಡತವೂ ಸಿಗದವರು ಫ್ರೀಡ್‌ಮನ್ಸ್ ಬ್ಯಾಂಕಿನ ಪುಸ್ತಕಗಳಿಗೆ ತಿರುಗುತ್ತಾರೆ. ಕಪ್ಪು ಸೈನಿಕರೂ ಬಿಡುಗಡೆಯಾದವರೂ ಹಣ ಕೂಡಿಡಲೆಂದು 1865ರಲ್ಲಿ ಆರಂಭವಾದ ಬ್ಯಾಂಕು ಅದು. ಖಾತೆದಾರನ ಗುರುತಿಗೆಂದು ತಂದೆತಾಯಿ, ಒಡಹುಟ್ಟಿದವರು, ಹುಟ್ಟಿದೂರು, ಎಷ್ಟೋ ಕಡೆ ರೆಜಿಮೆಂಟಿನ ವಿವರವನ್ನೂ ಬರೆದುಕೊಳ್ಳುತ್ತಿದ್ದರು. 1874ರಲ್ಲಿ ಬ್ಯಾಂಕು ಮುಳುಗಿತು, ಸಾವಿರಾರು ಬಡವರ ಉಳಿತಾಯ ಹೋಯಿತು, ಪುಸ್ತಕಗಳು ಉಳಿದವು. ಸೂಚಿಯಿಲ್ಲದ ಆ ಪುಟಗಳಿಂದ ಯೂಟಾ ರಾಜ್ಯದ ಸೆರೆಮನೆಯ ಕೈದಿಗಳು 11 ವರ್ಷ ಕೂತು ಸುಮಾರು 4,80,000 ಹೆಸರುಗಳನ್ನು ಎತ್ತಿ ಬರೆದರು. 2001ರಲ್ಲಿ ಆ ಪಟ್ಟಿ ಹೊರಬಂತು. ಈಗ ಅದರಲ್ಲಿ ಹುಡುಕಲು ಯಾರೂ ಹಣ ಕೊಡಬೇಕಾಗಿಲ್ಲ.